ಫ್ಯಾಟಿ ಲಿವರ್ ಅಧ್ಯಯನಕ್ಕೆ ಲ್ಯಾಬ್ ಮಾಡೆಲ್: ಸೆಲ್ ಪ್ಲೇಟಿನಿಂದ ಇಲಿ ಪಂಜರದವರೆಗೆ, ಹಂತ ಹಂತವಾಗಿ

ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಎಂ.ಫಾರ್ಮ್ ವಿದ್ಯಾರ್ಥಿಗಳು, ಪಿಎಚ್‌ಡಿಗೆ ಈಗಷ್ಟೇ ಸೇರಿದವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಫ್ಯಾಟಿ ಲಿವರ್‌ಗೆ ಯಾವ ಮಾಡೆಲ್ ತಗೊಳ್ಳಲಿ?" ಮಾಡೆಲ್ ಎಂದರೆ ರೋಗವನ್ನು ಲ್ಯಾಬ್‌ನಲ್ಲಿ ಅನುಕರಿಸುವ ಸೆಲ್ ಅಥವಾ ಪ್ರಾಣಿ. ಇದರ ಹಿಂದೆಯೇ ಇನ್ನೊಂದು ಬರುತ್ತದೆ: "ಪಾಮಿಟಿಕ್ ಆ್ಯಸಿಡ್ ಕರಗ್ತಾ ಇಲ್ಲ, ಏನ್ ಮಾಡ್ಲಿ?" ಪಾಮಿಟಿಕ್ ಆ್ಯಸಿಡ್ ಎಂದರೆ ಸೆಲ್‌ಗೆ ಕೊಡುವ ಒಂದು ಕೊಬ್ಬಿನಾಮ್ಲ. ಎರಡು ಪ್ರಶ್ನೆಗೂ ಇಲ್ಲಿ ಉತ್ತರ ಇದೆ. ನಿಮಗೆ ಸೆಲ್ ಕಲ್ಚರ್‌ನ ಮೊದಲ ಪಾಠಗಳು ಗೊತ್ತು ಅಂದುಕೊಂಡು ಬರೆಯುತ್ತಿದ್ದೇನೆ. ನಿಮಗೇ ಫ್ಯಾಟಿ ಲಿವರ್ ಇದೆ ಎಂದು ಸ್ಕ್ಯಾನ್‌ನಲ್ಲಿ ಬಂದು ಇಲ್ಲಿಗೆ ತಲುಪಿದ್ದರೆ, ಈ ಬರಹ ನಿಮಗಲ್ಲ. ದಯವಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಮೊದಲು ಐದು ಪದ

ಲಿವರ್ ಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವುಗಳೊಳಗೆ ಕೊಬ್ಬಿನ ಹನಿ ಕಂಡರೆ ಅದು ಸ್ಟಿಯಾಟೋಸಿಸ್. ಕೊಬ್ಬಿನ ಜೊತೆಗೆ ಉರಿಯೂತ ಸೇರಿ, ಕೋಶಗಳು ಊದಿಕೊಂಡು ಹಾಳಾಗತೊಡಗಿದರೆ ಸ್ಟಿಯಾಟೋಹೆಪಟೈಟಿಸ್. ಕೋಶ ಹೀಗೆ ಊದುವುದಕ್ಕೆ ಬಲೂನಿಂಗ್ ಎನ್ನುತ್ತಾರೆ. ಗಾಯ ಮಾಯುವಾಗ ಚರ್ಮದಲ್ಲಿ ಕಲೆ ಉಳಿಯುತ್ತದಲ್ಲ, ಹಾಗೆ ಲಿವರ್ ಒಳಗೆ ನಾರು ಕಟ್ಟುವುದು ಫೈಬ್ರೋಸಿಸ್. ಅದು ವಿಪರೀತಕ್ಕೆ ಹೋಗಿ ಲಿವರ್ ಗಂಟುಗಂಟಾದರೆ ಸಿರೋಸಿಸ್.

ರೋಗದ ಹೆಸರಿನಲ್ಲೂ ಒಂದು ಗೊಂದಲ ಇದೆ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಲುಡ್ವಿಗ್ ಮತ್ತು ಜೊತೆಗಾರರು, ಮದ್ಯ ಕುಡಿಯದವರಲ್ಲೂ ಇಂಥ ಲಿವರ್ ಕಂಡು ಅದಕ್ಕೆ 'ನ್ಯಾಶ್' (NASH), ಅಂದರೆ ಮದ್ಯದಿಂದಲ್ಲದ ಸ್ಟಿಯಾಟೋಹೆಪಟೈಟಿಸ್, ಎಂದು ಹೆಸರಿಟ್ಟರು. ಆಮೇಲೆ ಇಡೀ ರೋಗಕ್ಕೆ 'ನ್ಯಾಫ್ಲ್ಡ್' (NAFLD) ಎಂಬ ಹೆಸರು ಬಂತು. 2023ರಲ್ಲಿ ಇವೆರಡೂ 'ಮ್ಯಾಶ್' (MASH) ಮತ್ತು 'ಮ್ಯಾಸಲ್ಡ್' (MASLD) ಆದವು. ಪೇಪರ್ ಹುಡುಕುವಾಗ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಹಾಕಿ. ಹೊಸದನ್ನು ಮಾತ್ರ ಹಾಕಿದರೆ ನಲವತ್ತು ವರ್ಷಗಳ ಕೆಲಸ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು, ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. 'ಫ್ಯಾಟಿ ಲಿವರ್ ಮಾಡೆಲ್' ಎಂಬ ಒಂದೇ ವಸ್ತು ಎಲ್ಲೂ ಸಿಗುವುದಿಲ್ಲ. ಮನುಷ್ಯರಲ್ಲಿ ಈ ರೋಗ ಬೆಳೆಯಲು ಹತ್ತಾರು ವರ್ಷ ಬೇಕು. ಬೊಜ್ಜು, ಸಕ್ಕರೆ ಕಾಯಿಲೆ, ಊಟ, ವಂಶದ ಗುಣ, ಕರುಳಿನ ಬ್ಯಾಕ್ಟೀರಿಯಾ ಎಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ. ನೀವು ಕಟ್ಟುವ ಮಾಡೆಲ್ ಅದರ ಒಂದು ತುಂಡನ್ನು ಮಾತ್ರ ತೋರಿಸುತ್ತದೆ. ಯಾವ ತುಂಡು ಬೇಕು ಎನ್ನುವುದು ನಿಮಗೆ ಗೊತ್ತಿರಬೇಕು.

ಕೋಶದೊಳಗೆ ಕೊಬ್ಬು ಸೇರುವುದನ್ನು ಒಂದು ಔಷಧ ತಡೆಯುತ್ತದೆಯೇ ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಸೆಲ್ ಲೈನ್ ಸಾಕು. ಇನ್ಸುಲಿನ್ ಪ್ರತಿರೋಧದ ಬಗ್ಗೆ, ಅಂದರೆ ದೇಹ ಇನ್ಸುಲಿನ್ ಮಾತು ಕೇಳದಿರುವುದರ ಬಗ್ಗೆ ತಿಳಿಯಬೇಕಿದ್ದರೆ ದಪ್ಪಗಾಗುವ ಪ್ರಾಣಿ ಬೇಕು. ಫೈಬ್ರೋಸಿಸ್ ಕಡಿಮೆಯಾಗುತ್ತದೆಯೇ ಎಂದು ನೋಡಬೇಕಿದ್ದರೆ ನಾರು ಕಟ್ಟುವ ಮಾಡೆಲ್ಲೇ ಬೇಕು. ಒಂದೇ ಬಗೆಯ ಕೋಶವಿರುವ ಪ್ಲೇಟಿನಲ್ಲಿ ಆ ಉತ್ತರ ಸಿಗುವುದಿಲ್ಲ, ಯಾಕೆಂದರೆ ನಾರು ಕಟ್ಟುವುದು ಸ್ಟೆಲೇಟ್ ಎಂಬ ಬೇರೆ ಕೋಶ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಸೆಲೋನ್‌ಸರ್ಟಿಬ್, ಎಲಾಫಿಬ್ರನಾರ್ ಮುಂತಾದ ಔಷಧಗಳು ದೊಡ್ಡ ಮಾನವ ಪ್ರಯೋಗಗಳಲ್ಲಿ ಗುರಿ ತಲುಪಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ರೋಗಕ್ಕೆಂದೇ ಮೊದಲ ಔಷಧ ರೆಸ್ಮೆಟಿರೋಮ್ ಅನ್ನು ಒಪ್ಪಿದ್ದು 2024ರ ಮಾರ್ಚ್‌ನಲ್ಲಿ. 1980ರಿಂದ ಲೆಕ್ಕ ಹಾಕಿ ನೋಡಿ.

ಹಂತ 2: ಸೆಲ್ ಆರಿಸಿ

ಹೆಚ್ಚಿನವರು ಹಿಡಿಯುವುದು ಹೆಪ್‌ಜಿ2. 1979ರಲ್ಲಿ ಮೊದಲು ವರದಿಯಾದ ಮನುಷ್ಯರ ಲಿವರ್ ಗೆಡ್ಡೆಯ ಸೆಲ್ ಲೈನ್ ಇದು. ಬೆಲೆ ಕಡಿಮೆ, ಬೆಳೆಸುವುದು ಸುಲಭ, ಹೋಲಿಸಿ ನೋಡಲು ಸಾವಿರಾರು ಪೇಪರ್‌ಗಳಿವೆ. ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಸಿಎಸ್‌ನ ಸೆಲ್ ಭಂಡಾರದಿಂದ ನಮ್ಮ ದೇಶದ ಲ್ಯಾಬ್‌ಗಳು ತರಿಸಿಕೊಳ್ಳಬಹುದು. ಮೊದಲ ಪ್ರಾಜೆಕ್ಟ್‌ಗೆ ನಾನೂ ಇದನ್ನೇ ಹೇಳುತ್ತೇನೆ.

ಆದರೆ ಅದರ ಮಿತಿ ತಿಳಿದುಕೊಂಡೇ ಹಿಡಿಯಿರಿ. ಇದು ಕ್ಯಾನ್ಸರ್ ಕೋಶ. ಔಷಧಗಳನ್ನು ಒಡೆಯುವ ಸೈಟೋಕ್ರೋಮ್ ಪಿ450 ಕಿಣ್ವಗಳು ಇದರಲ್ಲಿ ತೀರಾ ಕಡಿಮೆ. ಲಿವರ್ ಕೊಬ್ಬನ್ನು ರಕ್ತಕ್ಕೆ ಕಳಿಸುವುದು ವಿಎಲ್‌ಡಿಎಲ್ ಎಂಬ ಪೊಟ್ಟಣದಲ್ಲಿ, ಹೆಪ್‌ಜಿ2ಗೆ ಆ ಪೊಟ್ಟಣ ಕಟ್ಟಲು ಸರಿಯಾಗಿ ಬರುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಫ್ಯಾಟಿ ಲಿವರ್‌ಗೆ ಎಡೆಮಾಡುವ ಪಿಎನ್‌ಪಿಎಲ್‌ಎ3 ಜೀನ್‌ನ ಐ148ಎಂ ಎಂಬ ಬದಲಾವಣೆ ಹೆಪ್‌ಜಿ2ನಲ್ಲಿ ಮೊದಲೇ ಇದೆ, ಅದೂ ಜೀನ್‌ನ ಎರಡೂ ಪ್ರತಿಗಳಲ್ಲಿ. ಆ ಜೀನ್ ಬಗ್ಗೆಯೇ ಕೆಲಸ ಮಾಡುವವರು ಇದನ್ನು 'ನಾರ್ಮಲ್' ಅಂದುಕೊಂಡರೆ ಎಲ್ಲ ತಲೆಕೆಳಗಾಗುತ್ತದೆ.

ಔಷಧ ಒಡೆಯುವ ಕಿಣ್ವ ಬೇಕೇ ಬೇಕು ಎಂದಾದರೆ ಹೆಪಾಆರ್‌ಜಿ ನೋಡಿ. ಅದನ್ನು ಎರಡು ವಾರ ಬೆಳೆಸಿ, ಮತ್ತೆರಡು ವಾರ ಡಿಎಂಎಸ್‌ಒ ಎಂಬ ದ್ರಾವಕ ಹಾಕಿ ಹದಕ್ಕೆ ತರಬೇಕು. ಖರ್ಚೂ ಜಾಸ್ತಿ. ಪ್ರಾಣಿಯ ಅಥವಾ ಮನುಷ್ಯರ ಲಿವರ್‌ನಿಂದ ನೇರವಾಗಿ ತೆಗೆದ ಪ್ರೈಮರಿ ಹೆಪಟೋಸೈಟ್‌ಗಳು ನಿಜವಾದ ಲಿವರ್‌ಗೆ ತುಂಬಾ ಹತ್ತಿರ, ಆದರೆ ಸಾದಾ ಪ್ಲೇಟಿನಲ್ಲಿ ಕೆಲವೇ ದಿನಗಳಲ್ಲಿ ತಮ್ಮ ಗುಣ ಕಳೆದುಕೊಳ್ಳುತ್ತವೆ. ಕೋಶಗಳನ್ನು ಉಂಡೆಯಾಗಿ ಬೆಳೆಸುವ ಸ್ಫೆರಾಯ್ಡ್, ಹಲವು ಬಗೆಯ ಕೋಶಗಳನ್ನು ಒಟ್ಟಿಗೆ ಇಡುವ ಚಿಪ್ ಇವೂ ಬಂದಿವೆ. 2023ರಲ್ಲಿ ಭಾರತದ ಹೊಸ ಔಷಧ ನಿಯಮಗಳಿಗೆ ತಿದ್ದುಪಡಿ ಬಂದು, ಪ್ರಾಣಿಗಳ ಬದಲು ಇಂಥ ವಿಧಾನಗಳನ್ನು ಬಳಸಲು ದಾರಿಯಾಗಿದೆ. ಸೌಲಭ್ಯ ಇರುವ ಲ್ಯಾಬ್‌ನಲ್ಲಿದ್ದರೆ ಖಂಡಿತ ಕಲಿಯಿರಿ.

ಸೆಲ್ ಕೈಗೆ ಬಂದ ಕೂಡಲೇ ಎರಡು ಕೆಲಸ. ಮೈಕೋಪ್ಲಾಸ್ಮಾ ಟೆಸ್ಟ್ ಮಾಡಿಸಿ. ಅದು ಸಾಮಾನ್ಯ ಮೈಕ್ರೋಸ್ಕೋಪ್‌ಗೆ ಕಾಣದ, ಕಲ್ಚರ್ ಒಳಗೇ ಅಡಗಿ ಕೂರುವ ಬ್ಯಾಕ್ಟೀರಿಯಾ. ಸೆಲ್‌ನ ಜೀವಕ್ರಿಯೆಯನ್ನೇ ಬದಲಿಸಿಬಿಡುತ್ತದೆ. ಆಮೇಲೆ ಕಡಿಮೆ ಪ್ಯಾಸೇಜ್ ಇರುವಾಗಲೇ ಹತ್ತಾರು ವಯಲ್ ಫ್ರೀಜ್ ಮಾಡಿಡಿ. ಪಕ್ಕದ ಲ್ಯಾಬ್‌ನಿಂದ ಸುಮ್ನೆ ಒಂದು ಫ್ಲಾಸ್ಕ್ ಇಸ್ಕೊಂಡು ಬಂದಿದ್ದರೆ, ಅದು ನಿಜವಾಗಿಯೂ ಹೆಪ್‌ಜಿ2 ಹೌದೋ ಅಲ್ಲವೋ ಎಂದು ಎಸ್‌ಟಿಆರ್ ಪರೀಕ್ಷೆ, ಅಂದರೆ ಡಿಎನ್‌ಎ ಬೆರಳಚ್ಚು ಮಾಡಿಸಿಕೊಳ್ಳಿ.

ಹಂತ 3: ಕೊಬ್ಬಿನ ಸ್ಟಾಕ್ ತಯಾರಿಸಿ

ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಕೊಬ್ಬಿನಾಮ್ಲಗಳು ನೀರಿನಲ್ಲಿ ಕರಗುವುದಿಲ್ಲ. ನಮ್ಮ ರಕ್ತದಲ್ಲಿ ಅವು ಆಲ್ಬುಮಿನ್ ಎಂಬ ಪ್ರೋಟೀನ್ ಮೇಲೆ ಕೂತು ಓಡಾಡುತ್ತವೆ. ಪ್ಲೇಟಿನಲ್ಲೂ ನಾವು ಅದನ್ನೇ ಮಾಡಬೇಕು. ಬೇಕಾಗಿರುವುದು ಇಷ್ಟು: ಪಾಮಿಟಿಕ್ ಆ್ಯಸಿಡ್, ಒಲಿಯಿಕ್ ಆ್ಯಸಿಡ್ ಅಥವಾ ಸೋಡಿಯಂ ಒಲಿಯೇಟ್, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಕೊಬ್ಬಿನಾಮ್ಲ ತೆಗೆದ ಬಿಎಸ್‌ಎ, ವಾಟರ್ ಬಾತ್, 0.2 ಮೈಕ್ರಾನ್ ಫಿಲ್ಟರ್. ಬಿಎಸ್‌ಎ ಎಂದರೆ ದನದ ರಕ್ತದ ಆಲ್ಬುಮಿನ್. ಡಬ್ಬಿಯ ಮೇಲೆ 'ಫ್ಯಾಟಿ ಆ್ಯಸಿಡ್ ಫ್ರೀ' ಎಂದು ಬರೆದಿರುವುದನ್ನೇ ಕೊಳ್ಳಿ. ಸಾಮಾನ್ಯ ಬಿಎಸ್‌ಎ ಮೇಲೆ ಮೊದಲೇ ಕೊಬ್ಬಿನಾಮ್ಲ ಕೂತಿರುತ್ತದೆ, ನಿಮ್ಮ ಕಂಟ್ರೋಲ್ ಬಾವಿಗೂ (ಪ್ಲೇಟಿನ ಗುಳಿ, ವೆಲ್) ಕೊಬ್ಬು ಹೋಗುತ್ತದೆ.

(1) ಬಿಎಸ್‌ಎಯನ್ನು ಸೀರಂ ಇಲ್ಲದ ಮೀಡಿಯಂನಲ್ಲಿ ಶೇ. 10ರಷ್ಟು ಕರಗಿಸಿ, ಅಂದರೆ 100 ಮಿ.ಲೀ.ಗೆ 10 ಗ್ರಾಂ. ಪುಡಿಯನ್ನು ಮೇಲೆ ಉದುರಿಸಿ, 37 ಡಿಗ್ರಿಯಲ್ಲಿ ತಾನಾಗಿ ಕರಗಲು ಬಿಡಿ. ಕುಲುಕಿದರೆ ನೊರೆ ಬಂದು ಪ್ರೋಟೀನ್ ಹಾಳಾಗುತ್ತದೆ. ಈ ದ್ರಾವಣ ಸುಮಾರು 1.5 ಮಿಲಿಮೋಲಾರ್ ಇರುತ್ತದೆ.

(2) 25.6 ಮಿ.ಗ್ರಾಂ ಪಾಮಿಟಿಕ್ ಆ್ಯಸಿಡ್‌ಗೆ 1 ಮಿ.ಲೀ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 70 ಡಿಗ್ರಿ ವಾಟರ್ ಬಾತ್‌ನಲ್ಲಿಡಿ. ಆಗಾಗ ವೋರ್ಟೆಕ್ಸ್ ಮಾಡಿ. ತಿಳಿಯಾದರೆ ಆಯಿತು, ಇದು 100 ಮಿಲಿಮೋಲಾರ್ ಸ್ಟಾಕ್. ಒಂದು ಲೆಕ್ಕದಲ್ಲಿ ನೀವು ಮಾಡಿದ್ದು ಸಾಬೂನು. ತಣ್ಣಗಾದರೆ ಗಟ್ಟಿಯಾಗುತ್ತದೆ, ಆದ್ದರಿಂದ ಬಾತ್‌ನಿಂದ ತೆಗೆದು ಮಾತಾಡುತ್ತಾ ನಿಲ್ಲಬೇಡಿ.

(3) ಬಿಎಸ್‌ಎ ದ್ರಾವಣವನ್ನು 37 ಡಿಗ್ರಿಯಲ್ಲೇ ಇಟ್ಟು, ಅದರ 19 ಪಾಲಿಗೆ 1 ಪಾಲು ಬಿಸಿ ಪಾಮಿಟೇಟ್ ಅನ್ನು ಹನಿಹನಿಯಾಗಿ, ತಿರುಗಿಸುತ್ತಾ ಸೇರಿಸಿ. ಒಂದು ಗಂಟೆ 37 ಡಿಗ್ರಿಯಲ್ಲಿ ಬಿಡಿ. ಈಗ 5 ಮಿಲಿಮೋಲಾರ್ ಪಾಮಿಟೇಟ್ ಇದೆ. ಒಂದು ಆಲ್ಬುಮಿನ್‌ಗೆ ಸುಮಾರು ಮೂರೂವರೆ ಕೊಬ್ಬಿನಾಮ್ಲದ ಲೆಕ್ಕ. ಈ ಅನುಪಾತ ಏರಿದಷ್ಟೂ ಅಂಟಿಕೊಳ್ಳದ ಕೊಬ್ಬಿನಾಮ್ಲ ಜಾಸ್ತಿಯಾಗಿ ಸೆಲ್ ಸಾಯುತ್ತದೆ. ಹಾಗಾಗಿ ಪೇಪರ್ ಓದುವಾಗ ಮಿಲಿಮೋಲಾರ್ ಜೊತೆಗೆ ಅನುಪಾತವನ್ನೂ ಗುರುತು ಹಾಕಿಕೊಳ್ಳಿ.

(4) ಒಲಿಯೇಟ್‌ಗೂ ಹೀಗೇ. 1 ಮಿ.ಲೀ.ಗೆ 30.4 ಮಿ.ಗ್ರಾಂ ಸೋಡಿಯಂ ಒಲಿಯೇಟ್. ಇದು ಸುಲಭವಾಗಿ ಕರಗುತ್ತದೆ. ಇದಕ್ಕೂ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ಡೇ ಬಳಸಿದರೆ ಎಲ್ಲ ಬಾವಿಗಳ ಕ್ಷಾರ ಸಮ ಇರುತ್ತದೆ.

(5) ಕಂಟ್ರೋಲ್‌ಗೆ 19 ಪಾಲು ಬಿಎಸ್‌ಎಗೆ 1 ಪಾಲು ಬರೀ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ. ಬರೀ ಮೀಡಿಯಂ ಹಾಕಿದ ಬಾವಿ ಕಂಟ್ರೋಲ್ ಆಗುವುದಿಲ್ಲ.

(6) ಮೂರನ್ನೂ ಫಿಲ್ಟರ್ ಮಾಡಿ, ಸಣ್ಣ ಸಣ್ಣ ಭಾಗಗಳಾಗಿ ಮೈನಸ್ 20ರಲ್ಲಿಡಿ. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಬಳಸುವ ಮೊದಲು 37 ಡಿಗ್ರಿಗೆ ತಂದು ಬೆಳಕಿಗೆ ಹಿಡಿದು ನೋಡಿ. ಬಿಳಿ ಚೂರು ಅಥವಾ ಮೋಡ ಕಂಡರೆ ಎಸೆದುಬಿಡಿ.

"ಎಥನಾಲ್‌ನಲ್ಲಿ ಕರಗಿಸಿ ನೇರವಾಗಿ ಮೀಡಿಯಂಗೆ ಹಾಕಬಹುದಾ?" ಎಂದು ಕೇಳುತ್ತಾರೆ. ಹಾಕಬೇಡಿ. ಮೀಡಿಯಂಗೆ ಬಿದ್ದ ಕೂಡಲೇ ಪಾಮಿಟೇಟ್ ಹರಳಾಗಿ ಸೆಲ್ ಮೇಲೆ ಕೂರುತ್ತದೆ. ಸೆಲ್ ಸಾಯುತ್ತದೆ, ನೀವು ಅದನ್ನು 'ಲಿಪೋಟಾಕ್ಸಿಸಿಟಿ', ಅಂದರೆ ಕೊಬ್ಬಿನ ವಿಷ, ಎಂದು ಬರೆದುಬಿಡುತ್ತೀರಿ.

ಹಂತ 4: ಸೆಲ್‌ಗೆ ಕೊಬ್ಬು ಕೊಡಿ

24 ಬಾವಿಗಳ ಪ್ಲೇಟಿನಲ್ಲಿ ಬಾವಿಗೆ ಸುಮಾರು 1 ಲಕ್ಷ ಹೆಪ್‌ಜಿ2 ಹಾಕಿ. ಈ ಸೆಲ್‌ಗಳು ಗುಂಪು ಕಟ್ಟುತ್ತವೆ, ಟ್ರಿಪ್ಸಿನ್ ಆದ ಮೇಲೆ ಚೆನ್ನಾಗಿ ಬಿಡಿಸಿ. ಮಾರನೇ ದಿನ ಬಾವಿಯ ಅರ್ಧಕ್ಕಿಂತ ಜಾಸ್ತಿ ತುಂಬಿರಬೇಕು.

ತುಂಬಾ ಬಳಕೆಯಲ್ಲಿರುವುದು ಎರಡು ಪಾಲು ಒಲಿಯೇಟ್, ಒಂದು ಪಾಲು ಪಾಮಿಟೇಟ್. ಒಟ್ಟು 0.6 ಮಿಲಿಮೋಲಾರ್ ಬೇಕಾದರೆ 8.8 ಮಿ.ಲೀ. ಮೀಡಿಯಂಗೆ 0.8 ಮಿ.ಲೀ. ಒಲಿಯೇಟ್ ಸ್ಟಾಕ್, 0.4 ಮಿ.ಲೀ. ಪಾಮಿಟೇಟ್ ಸ್ಟಾಕ್ ಹಾಕಿ. ಕಂಟ್ರೋಲ್‌ಗೆ 1.2 ಮಿ.ಲೀ. ಬಿಎಸ್‌ಎ ಸ್ಟಾಕ್. 24 ಗಂಟೆ ಬಿಡಿ. ಹೀಗೆ ಬೆರೆಸುವುದಕ್ಕೆ ಒಂದು ಅರ್ಥವಿದೆ. ಒಲಿಯೇಟ್ ಒಂದನ್ನೇ ಕೊಟ್ಟರೆ ಹನಿಗಳು ಚೆನ್ನಾಗಿ ತುಂಬುತ್ತವೆ, ಸೆಲ್ ಹೆಚ್ಚುಕಡಿಮೆ ಹಾಯಾಗಿರುತ್ತದೆ. ಪಾಮಿಟೇಟ್ ಒಂದನ್ನೇ ಕೊಟ್ಟರೆ ಹನಿ ಕಡಿಮೆ, ಸಾವು ಜಾಸ್ತಿ. ಒಲಿಯೇಟ್ ಜೊತೆಗಿದ್ದರೆ ಪಾಮಿಟೇಟ್ ಕೂಡ ಟ್ರೈಗ್ಲಿಸರೈಡ್, ಅಂದರೆ ಕೂಡಿಡುವ ಕೊಬ್ಬು, ಆಗಿ ಹನಿಯೊಳಗೆ ಸೇರಿಕೊಳ್ಳುತ್ತದೆ. ಬರೀ ಕೊಬ್ಬು ನೋಡಬೇಕೋ, ಕೊಬ್ಬಿನಿಂದಾಗುವ ಹಾನಿ ನೋಡಬೇಕೋ, ಅದರ ಮೇಲೆ ಅನುಪಾತ ನಿರ್ಧರಿಸಿ.

ಯಾವ ಡೋಸ್ ಎಂದು ಪೇಪರ್ ನೋಡಿ ಕಣ್ಣುಮುಚ್ಚಿ ಹಾಕಬೇಡಿ. ಮೊದಲು 0.1ರಿಂದ 1 ಮಿಲಿಮೋಲಾರ್‌ವರೆಗೆ ನಾಲ್ಕೈದು ಡೋಸ್ ಹಾಕಿ, ಎಷ್ಟು ಸೆಲ್ ಬದುಕುತ್ತವೆ ಎಂದು ನಿಮ್ಮ ಕೈಯಲ್ಲೇ ಅಳೆಯಿರಿ. ಸೀರಂ ಎಷ್ಟಿದೆ ಎಂಬುದರ ಮೇಲೂ ಇದು ಬದಲಾಗುತ್ತದೆ, ಸೀರಂನಲ್ಲೇ ಆಲ್ಬುಮಿನ್ ಇದೆ ಅಲ್ವಾ?

ಔಷಧವನ್ನು ಕೊಬ್ಬಿನ ಜೊತೆಗೇ ಹಾಕಿದರೆ ನೀವು ನೋಡುತ್ತಿರುವುದು ತಡೆಗಟ್ಟುವಿಕೆ. ಕೊಬ್ಬು ತುಂಬಿದ ಮೇಲೆ ಹಾಕಿದರೆ ಚಿಕಿತ್ಸೆ. ಎರಡನ್ನೂ ಬೆರೆಸಿ ಬರೆಯಬೇಡಿ. ಗಿಡಮೂಲಿಕೆ ಸಾರ ಪರೀಕ್ಷಿಸುವವರಿಗೆ ಒಂದು ವಿಶೇಷ ಎಚ್ಚರಿಕೆ: ಬದುಕಿರುವ ಸೆಲ್ ಎಷ್ಟು ಎಂದು ಅಳೆಯಲು ಬಳಸುವ ಎಂಟಿಟಿ ಬಣ್ಣವನ್ನು ಹಲವು ಸಾರಗಳು ಸೆಲ್ ಇಲ್ಲದೆಯೇ ನೇರಳೆ ಮಾಡುತ್ತವೆ. ಸೆಲ್ ಇಲ್ಲದ ಬಾವಿಗೆ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ಒಮ್ಮೆ ನೋಡಿ. ಬಣ್ಣ ಬಂದರೆ ಆ ಟೆಸ್ಟ್ ನಿಮ್ಮ ಸಾರಕ್ಕೆ ಆಗಿಬರುವುದಿಲ್ಲ, ಬೇರೆ ವಿಧಾನ ಹಿಡಿಯಿರಿ.

ಹಂತ 5: ಕೊಬ್ಬನ್ನು ಅಳೆಯಿರಿ

ಆಯಿಲ್ ರೆಡ್ ಓ ಎಂಬ ಕೆಂಪು ಬಣ್ಣ ಕೊಬ್ಬಿನ ಹನಿಯಲ್ಲಿ ಸೇರಿಕೊಳ್ಳುತ್ತದೆ. 100 ಮಿ.ಲೀ. ಐಸೊಪ್ರೊಪನಾಲ್‌ನಲ್ಲಿ 0.3 ಗ್ರಾಂ ಕರಗಿಸಿ ಸ್ಟಾಕ್ ಮಾಡಿಡಿ. ಬಳಸುವ ದಿನ 6 ಮಿ.ಲೀ. ಸ್ಟಾಕ್‌ಗೆ 4 ಮಿ.ಲೀ. ನೀರು ಸೇರಿಸಿ, 20 ನಿಮಿಷ ಬಿಟ್ಟು, ಫಿಲ್ಟರ್ ಮಾಡಿ. ಫಿಲ್ಟರ್ ಮಾಡದಿದ್ದರೆ ಕೆಂಪು ಹರಳುಗಳು ಕೊಬ್ಬಿನ ಹನಿಯ ಹಾಗೆಯೇ ಕಾಣುತ್ತವೆ.

ಸೆಲ್‌ಗಳನ್ನು ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು ಶೇ. 10ರ ಫಾರ್ಮಲಿನ್‌ನಲ್ಲಿ ಅರ್ಧ ಗಂಟೆ ಇಡಿ. ಮೆಥನಾಲ್ ಬೇಡವೇ ಬೇಡ, ಅದು ಕೊಬ್ಬನ್ನೇ ಕರಗಿಸಿಕೊಂಡು ಹೋಗುತ್ತದೆ. ಆಮೇಲೆ ಶೇ. 60ರ ಐಸೊಪ್ರೊಪನಾಲ್ ಐದು ನಿಮಿಷ, ಬಣ್ಣ 15 ನಿಮಿಷ, ತಿಳಿಯಾಗುವವರೆಗೆ ನೀರು. ಫೋಟೋ ತೆಗೆದುಕೊಳ್ಳಿ. ನಂತರ ಪೂರ್ತಿ ಐಸೊಪ್ರೊಪನಾಲ್ ಹಾಕಿ ಬಣ್ಣ ಬಿಡಿಸಿ, 500 ನ್ಯಾನೋಮೀಟರ್ ಆಸುಪಾಸಿನಲ್ಲಿ ಓದಿ.

ಬಂದ ಸಂಖ್ಯೆಯನ್ನು ಹಾಗೇ ಗ್ರಾಫ್‌ಗೆ ಹಾಕಬೇಡಿ. ಔಷಧದಿಂದ ಅರ್ಧ ಸೆಲ್ ಸತ್ತು ತೊಳೆದುಹೋಗಿದ್ದರೂ ಬಣ್ಣ ಅರ್ಧಕ್ಕೆ ಇಳಿಯುತ್ತದೆ. ನೋಡಿದವರಿಗೆ ಔಷಧ ಅದ್ಭುತವಾಗಿ ಕೆಲಸ ಮಾಡಿದಂತೆ ಅನಿಸುತ್ತದೆ. ಪ್ರತಿ ಬಾವಿಯ ಪ್ರೋಟೀನ್ ಅಥವಾ ಡಿಎನ್‌ಎ ಅಳೆದು ಅದರಿಂದ ಭಾಗಿಸಲೇಬೇಕು. ಪ್ರೋಟೀನ್ ಅಳೆಯುವವರು ಬಿಎಸ್‌ಎ ಉಳಿಯದಂತೆ ಮೂರು ಸಲ ತೊಳೆಯಿರಿ, ಇಲ್ಲದಿದ್ದರೆ ಅದನ್ನೂ ಸೆಲ್ ಪ್ರೋಟೀನ್ ಎಂದು ಎಣಿಸಿಬಿಡುತ್ತೀರಿ. ಬಣ್ಣದ ಜೊತೆಗೆ ಟ್ರೈಗ್ಲಿಸರೈಡ್ ಕಿಟ್‌ನಲ್ಲೂ ಅಳೆದರೆ ಮಾತಿಗೆ ತೂಕ ಬರುತ್ತದೆ.

ಇಲ್ಲಿಗೆ ಸೆಲ್ ಭಾಗ ಮುಗಿಯಿತು. ತುಂಬಾ ಪ್ರಾಜೆಕ್ಟ್‌ಗಳು ಇಲ್ಲೇ ನಿಲ್ಲಬಹುದು, ನಿಲ್ಲಲಿ. ಪ್ರಾಣಿಯಲ್ಲೂ ಮಾಡಿದರೆ ಮಾತ್ರ ಒಳ್ಳೆಯ ಪೇಪರ್ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪ್ರಶ್ನೆಗೆ ಬೇಕಿಲ್ಲದಿದ್ದರೆ ಒಂದು ಇಲಿಯೂ ಸಾಯಬಾರದು.

ಹಂತ 6: ಪ್ರಾಣಿ ಬೇಕೆಂದರೆ ಮೊದಲು ಅನುಮತಿ

ಭಾರತದಲ್ಲಿ ಇದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ಬರುತ್ತದೆ. ಮೇಲುಸ್ತುವಾರಿ ಸಿಸಿಎಸ್‌ಇಎ ಎಂಬ ಸಮಿತಿಯದು. ಹಳೆಯ ಪೇಪರ್‌ಗಳಲ್ಲಿ ಇದೇ ಸಮಿತಿಗೆ ಸಿಪಿಸಿಎಸ್‌ಇಎ ಎಂದಿರುತ್ತದೆ. ನಿಮ್ಮ ಕಾಲೇಜಿನ ಪ್ರಾಣಿಮನೆ ಅಲ್ಲಿ ನೋಂದಣಿಯಾಗಿರಬೇಕು. ನಿಮ್ಮ ಪ್ರಸ್ತಾವ ಸಂಸ್ಥೆಯ ಪ್ರಾಣಿ ನೀತಿ ಸಮಿತಿ, ಅಂದರೆ ಐಎಇಸಿ ಮುಂದೆ ಹೋಗಬೇಕು. ಸಭೆ ದಿನಾ ನಡೆಯುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕಾದೀತು, ಆದ್ದರಿಂದ ಸೆಲ್ ಕೆಲಸ ನಡೆಯುತ್ತಿರುವಾಗಲೇ ಅರ್ಜಿ ಹಾಕಿ. ಎಷ್ಟು ಪ್ರಾಣಿ, ಯಾಕೆ ಅಷ್ಟೇ ಎಂಬುದಕ್ಕೆ ಲೆಕ್ಕ ಕೊಡಬೇಕು. "ಹಿಂದಿನ ಪೇಪರ್‌ನಲ್ಲಿ ಗುಂಪಿಗೆ ಆರು ಇತ್ತು" ಎನ್ನುವುದು ಲೆಕ್ಕವಲ್ಲ. ಅನುಮತಿಗೆ ಮೊದಲು ತೆಗೆದ ಒಂದು ಹನಿ ರಕ್ತವನ್ನೂ ಆಮೇಲೆ ಬಳಸಲು ಬರುವುದಿಲ್ಲ.

ಹಂತ 7: ಆಹಾರ ಆರಿಸಿ

ಇಲ್ಲಿ ಇಲಿ ಎಂದರೆ ಚಿಕ್ಕ ಇಲಿ, ಮೌಸ್. ಹೆಚ್ಚು ಬಳಕೆಯಲ್ಲಿರುವುದು ಸಿ57ಬಿಎಲ್/6 ತಳಿಯ ಗಂಡು. ಈ ತಳಿಯಲ್ಲೂ ಜೆ ಮತ್ತು ಎನ್ ಎಂಬ ಎರಡು ಕವಲುಗಳಿವೆ. ಜೆ ಕವಲಿನಲ್ಲಿ ಎನ್‌ಎನ್‌ಟಿ ಎಂಬ ಮೈಟೋಕಾಂಡ್ರಿಯಾ ಜೀನ್ ಕೆಟ್ಟಿದೆ, ಎನ್ ಕವಲಿನಲ್ಲಿ ಸರಿಯಿದೆ. ಕಂಟ್ರೋಲ್ ಒಂದು ಕವಲು, ಟೆಸ್ಟ್ ಇನ್ನೊಂದು ಕವಲು ಆಗಿಬಿಟ್ಟರೆ ಇಡೀ ಪ್ರಯೋಗ ನೀರುಪಾಲು.

ಹೈ ಫ್ಯಾಟ್ ಡಯಟ್. ಶೇ. 60 ಕ್ಯಾಲರಿ ಕೊಬ್ಬಿನಿಂದ ಬರುವ ಆಹಾರ. ಇಲಿ ದಪ್ಪಗಾಗುತ್ತದೆ, ಸಕ್ಕರೆ ಏರುತ್ತದೆ, 8ರಿಂದ 16 ವಾರದಲ್ಲಿ ಲಿವರ್‌ನಲ್ಲಿ ಕೊಬ್ಬು ಚೆನ್ನಾಗಿ ಕಾಣುತ್ತದೆ. ಫೈಬ್ರೋಸಿಸ್ ಮಾತ್ರ ವರ್ಷ ಕಾದರೂ ಅಷ್ಟಕ್ಕಷ್ಟೇ. ಒಂದು ಮಾತು ನೆನಪಿರಲಿ: ಆ ಶೇ. 60 ಕ್ಯಾಲರಿಯ ಲೆಕ್ಕ. ತೂಕದಲ್ಲಿ ಅದು ಸುಮಾರು ಶೇ. 35 ಮಾತ್ರ. ಸ್ವಂತ ಆಹಾರ ಕಲಸುವವರು ಇಲ್ಲೇ ತಪ್ಪುತ್ತಾರೆ.

ಎಂಸಿಡಿ. ಮೆಥಿಯೋನಿನ್ ಮತ್ತು ಕೋಲಿನ್ ಎಂಬ ಪೋಷಕಾಂಶಗಳಿಲ್ಲದ ಆಹಾರ. ಇವೆರಡಿಲ್ಲದೆ ಲಿವರ್‌ಗೆ ವಿಎಲ್‌ಡಿಎಲ್ ಪೊಟ್ಟಣ ಕಟ್ಟಿ ಕಳಿಸಲು ಆಗುವುದಿಲ್ಲ, ಕೊಬ್ಬು ಒಳಗೇ ಉಳಿಯುತ್ತದೆ. ಕೆಲವೇ ವಾರಗಳಲ್ಲಿ ಉರಿಯೂತ, ಮುಂದೆ ಫೈಬ್ರೋಸಿಸ್. ಆದರೆ ಇಲಿ ಸೊರಗಿಹೋಗುತ್ತದೆ, ಇನ್ಸುಲಿನ್ ಪ್ರತಿರೋಧವೂ ಇರುವುದಿಲ್ಲ. ಬೊಜ್ಜು, ಸಕ್ಕರೆ ಕಾಯಿಲೆಯ ಕಥೆ ಹೇಳಲು ಇದನ್ನು ಬಳಸಿದ ಪ್ರಬಂಧ ನೋಡಿದರೆ ನನಗೆ ಬೇಸರವಾಗುತ್ತದೆ. ಇದರ ಸುಧಾರಿತ ರೂಪ ಸಿಡಿಎಎಚ್‌ಎಫ್‌ಡಿ. ಕೋಲಿನ್ ಇಲ್ಲ, ಮೆಥಿಯೋನಿನ್ ಶೇ. 0.1, ಕೊಬ್ಬು ಜಾಸ್ತಿ. ತೂಕ ಅಷ್ಟಾಗಿ ಇಳಿಯುವುದಿಲ್ಲ, ಫೈಬ್ರೋಸಿಸ್ ಬೇಗ ಬರುತ್ತದೆ.

ಗ್ಯಾನ್ ಡಯಟ್. ಕೊಬ್ಬಿನಿಂದ ಶೇ. 40 ಕ್ಯಾಲರಿ, ಅದರಲ್ಲಿ ಹೆಚ್ಚಿನದು ತಾಳೆಎಣ್ಣೆ, ಜೊತೆಗೆ ಫ್ರಕ್ಟೋಸ್ ಮತ್ತು ಶೇ. 2 ಕೊಲೆಸ್ಟ್ರಾಲ್. ಬೊಜ್ಜು, ಉರಿಯೂತ, ಫೈಬ್ರೋಸಿಸ್ ಮೂರೂ ಬರುವುದರಿಂದ ಮನುಷ್ಯರ ರೋಗಕ್ಕೆ ಹತ್ತಿರ. ಆದರೆ ಆರು ತಿಂಗಳು, ಅದಕ್ಕಿಂತ ಜಾಸ್ತಿಯೂ ಕಾಯಬೇಕು. ಎರಡು ವರ್ಷದ ಎಂಎಸ್ಸಿಯಲ್ಲಿ ಇದು ನಡೆಯುವುದಿಲ್ಲ.

ಸ್ಟ್ಯಾಮ್. ಹುಟ್ಟಿದ ಎರಡನೇ ದಿನ ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೆಡಿಸಿ, 4 ವಾರದಿಂದ ಕೊಬ್ಬಿನ ಆಹಾರ ಕೊಡುವುದು. ಸುಮಾರು 8 ವಾರಕ್ಕೆ ಸ್ಟಿಯಾಟೋಹೆಪಟೈಟಿಸ್, 20 ವಾರಕ್ಕೆ ಗೆಡ್ಡೆ. ಕ್ಯಾನ್ಸರ್ ನೋಡುವವರಿಗೆ ಉಪಯೋಗ. ಇದು ಇನ್ಸುಲಿನ್ ಕೊರತೆಯ ದಾರಿ, ನಮ್ಮ ಸುತ್ತ ಕಾಣುವ ಟೈಪ್ 2 ಸಕ್ಕರೆ ಕಾಯಿಲೆಯ ದಾರಿ ಬೇರೆ.

ನಮ್ಮಲ್ಲಿ ರೆಡಿಮೇಡ್ ಆಹಾರ ತರಿಸಲು ದುಡ್ಡಿಲ್ಲದೆ, ವನಸ್ಪತಿ ಮತ್ತು ಕೊಬ್ಬರಿ ಎಣ್ಣೆ ಬೆರೆಸಿ ಕೊಡುವ ಪದ್ಧತಿ ಇದೆ. ಕಷ್ಟ ಅರ್ಥವಾಗುತ್ತದೆ. ಆದರೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದು ಎಂದು ನಿಯಮ ಮಾಡಿದೆ. ಹದಿನೈದು ವರ್ಷದ ಹಿಂದಿನ ಪೇಪರ್‌ನ ವನಸ್ಪತಿ ಬೇರೆ, ಇವತ್ತು ಅಂಗಡಿಯಲ್ಲಿ ಸಿಗುವುದು ಬೇರೆ. ಅದೇ ಫಲಿತಾಂಶ ಬರಲಿಲ್ಲ ಎಂದರೆ ನಿಮ್ಮ ಕೈ ಸರಿಯಿಲ್ಲ ಎಂದರ್ಥವಲ್ಲ. ಇದನ್ನೇ ಬಳಸುವುದಾದರೆ ಇಡೀ ಪ್ರಯೋಗಕ್ಕೆ ಒಂದೇ ಬ್ಯಾಚ್ ಕೊಂಡಿಡಿ, ಅದರ ಕೊಬ್ಬಿನಾಮ್ಲಗಳ ವಿವರ ಪರೀಕ್ಷೆ ಮಾಡಿಸಿ ಪ್ರಬಂಧದಲ್ಲಿ ಹಾಕಿ.

ಕಂಟ್ರೋಲ್ ಗುಂಪಿಗೆ ಸುಮ್ನೆ ಮಾಮೂಲಿ ಪೆಲೆಟ್ ಹಾಕಬೇಡಿ. ಅದರಲ್ಲಿ ಧಾನ್ಯ, ನಾರು, ಸೋಯಾ ಎಲ್ಲ ಇರುತ್ತದೆ. ಆಗ ವ್ಯತ್ಯಾಸ ಕೊಬ್ಬಿನಿಂದ ಬಂತೋ, ನಾರಿನಿಂದ ಬಂತೋ ಹೇಳಲಾಗುವುದಿಲ್ಲ. ಅದೇ ಸಾಮಗ್ರಿಯ, ಕೊಬ್ಬು ಮಾತ್ರ ಕಡಿಮೆ ಇರುವ ಜೋಡಿ ಆಹಾರ ಸಿಗುತ್ತದೆ, ಅದನ್ನೇ ತರಿಸಿ.

ಹಂತ 8: ದಿನನಿತ್ಯದ ನಿಗಾ

ಒಂದು ಇಲಿ ದಿನಕ್ಕೆ ಸುಮಾರು 3 ಗ್ರಾಂ ತಿನ್ನುತ್ತದೆ. ಹತ್ತು ಇಲಿ, 16 ವಾರ ಎಂದರೆ ಮೂರೂಕಾಲು ಕಿಲೋ ದಾಟುತ್ತದೆ, ಚೆಲ್ಲುವುದೂ ಸೇರಿ 5 ಕಿಲೋ ಇಟ್ಟುಕೊಳ್ಳಿ. ಕೊಬ್ಬಿನ ಆಹಾರ ಬೇಗ ಮುಗ್ಗುತ್ತದೆ, ಮೈನಸ್ 20ರಲ್ಲಿಟ್ಟು ವಾರಕ್ಕೆ ಎರಡು ಸಲ ಹೊಸದು ಹಾಕಿ.

ತೂಕ ಮತ್ತು ತಿಂದ ಆಹಾರ, ಎರಡನ್ನೂ ಪ್ರತಿ ವಾರ ಬರೆದಿಡಿ. ಕಹಿ ಸಾರ ಕುಡಿಸಿದ ಇಲಿ ಊಟ ಬಿಡುತ್ತದೆ, ಊಟ ಬಿಟ್ಟರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಲಿವರ್ ಕೊಬ್ಬು ತಾನಾಗಿಯೇ ಕರಗುತ್ತದೆ. ಅದು ಔಷಧದ ಗುಣವೋ ಉಪವಾಸದ ಗುಣವೋ? ಅನುಮಾನ ಬಂದರೆ ಅಷ್ಟೇ ಆಹಾರ ಕೊಟ್ಟ, ಔಷಧ ಕೊಡದ ಇನ್ನೊಂದು ಗುಂಪು ಇಡಬೇಕು. ಇದಕ್ಕೆ ಪೇರ್ ಫೀಡಿಂಗ್ ಎನ್ನುತ್ತಾರೆ.

ಒಂದು ಪಂಜರದ ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುವುದರಿಂದ ಅವುಗಳ ಕರುಳಿನ ಬ್ಯಾಕ್ಟೀರಿಯಾ ಒಂದೇ ಥರ ಆಗುತ್ತವೆ. ಒಂದು ಗುಂಪನ್ನು ಒಂದೇ ಪಂಜರದಲ್ಲಿಟ್ಟರೆ ನೀವು ಹೋಲಿಸುತ್ತಿರುವುದು ಪಂಜರಗಳನ್ನು. ಪ್ರತಿ ಗುಂಪಿಗೆ ಮೂರು ನಾಲ್ಕು ಪಂಜರ ಮಾಡಿ. ಕೋಣೆಯ ಬಿಸಿಯನ್ನೂ ಬರೆದಿಡಿ. ನಮಗೆ ಹಿತವಾದ 22 ಡಿಗ್ರಿ ಇಲಿಗೆ ಚಳಿ. ಅದಕ್ಕೆ ಹಿತವಾದ 30 ಡಿಗ್ರಿಯಲ್ಲಿ ಸಾಕಿದರೆ ಅದೇ ಆಹಾರಕ್ಕೆ ಲಿವರ್ ರೋಗ ಇನ್ನೂ ಜೋರಾಗಿ ಬರುತ್ತದೆ.

ಹಂತ 9: ಲಿವರ್ ತೆಗೆಯುವ ದಿನ

ರಾತ್ರಿಯಿಡೀ ಉಪವಾಸ ಹಾಕಬೇಡಿ. ಮನುಷ್ಯರ ರಕ್ತ ಪರೀಕ್ಷೆಯ ಅಭ್ಯಾಸದಿಂದ ಎಲ್ಲರೂ ಇದನ್ನು ಮಾಡುತ್ತಾರೆ. ಇಲಿ ತಿನ್ನುವುದೇ ರಾತ್ರಿ. ಅಷ್ಟು ಹೊತ್ತು ಹಸಿದರೆ ದೇಹದ ಕೊಬ್ಬು ಕರಗಿ ಲಿವರ್‌ಗೆ ಬರುತ್ತದೆ, ಆರೋಗ್ಯವಂತ ಕಂಟ್ರೋಲ್ ಇಲಿಯ ಲಿವರ್‌ನಲ್ಲೂ ಹನಿಗಳು ಕಾಣುತ್ತವೆ. ಬೆಳಗ್ಗೆಯಿಂದ 4ರಿಂದ 6 ಗಂಟೆ ಸಾಕು. ಎಲ್ಲ ಗುಂಪುಗಳಿಗೂ ಒಂದೇ ಹೊತ್ತು. ಮೊದಲು ಕಂಟ್ರೋಲ್ ಎಲ್ಲ ಮುಗಿಸಿ ಆಮೇಲೆ ಟೆಸ್ಟ್ ಗುಂಪು ಎಂದು ಮಾಡದೆ, ಬೆರೆಸಿ ತೆಗೆದುಕೊಳ್ಳಿ.

ಲಿವರ್ ತೂಕ ಬರೆದುಕೊಂಡು, ಪ್ರತಿ ಇಲಿಯಲ್ಲೂ ಲಿವರ್‌ನ ಅದೇ ಹಾಲೆಯಿಂದ (ಲೋಬ್) ತುಂಡು ತೆಗೆಯಿರಿ. ಒಂದು ತುಂಡು ಫಾರ್ಮಲಿನ್‌ಗೆ. ಒಂದು ಓಸಿಟಿ ಎಂಬ ಅಂಟಿನಲ್ಲಿ ಮುಳುಗಿಸಿ ಫ್ರೀಜ್. ಉಳಿದದ್ದು ದ್ರವ ಸಾರಜನಕಕ್ಕೆ. ಓಸಿಟಿ ತುಂಡು ಮರೆತರೆ ಮತ್ತೆ ಸಿಗುವುದಿಲ್ಲ. ಪ್ಯಾರಾಫಿನ್ ಮಾಡುವಾಗ ಆಲ್ಕೋಹಾಲ್, ಜೈಲೀನ್ ಸೇರಿ ಕೊಬ್ಬನ್ನೆಲ್ಲ ತೊಳೆದುಬಿಡುತ್ತವೆ, ಸ್ಲೈಡ್‌ನಲ್ಲಿ ಖಾಲಿ ಗುಳಿ ಮಾತ್ರ ಉಳಿಯುತ್ತದೆ. ಅದರ ಮೇಲೆ ಆಯಿಲ್ ರೆಡ್ ಓ ಹಾಕಿದರೆ ಏನೂ ಬರುವುದಿಲ್ಲ. ನನಗೆ ಗೊತ್ತಿರುವ ಒಬ್ಬ ವಿದ್ಯಾರ್ಥಿನಿ ಎಲ್ಲ ತುಂಡುಗಳನ್ನೂ ಪ್ಯಾರಾಫಿನ್‌ಗೆ ಕೊಟ್ಟು ನಾಲ್ಕು ತಿಂಗಳ ಕೆಲಸದ ಒಂದು ಮುಖ್ಯ ಚಿತ್ರವನ್ನೇ ಕಳೆದುಕೊಂಡಳು. ಯಾರೂ ಅವಳಿಗೆ ಮೊದಲೇ ಹೇಳಿರಲಿಲ್ಲ.

ಹಂತ 10: ಅಂಕ ಹಾಕುವುದು, ಬರೆಯುವುದು

ಸ್ಲೈಡ್‌ಗೆ ಅಂಕ ಹಾಕಲು 2005ರಲ್ಲಿ ಬಂದ ಎನ್‌ಎಎಸ್ ಪದ್ಧತಿ ಇದೆ. ಕೊಬ್ಬಿಗೆ 0ರಿಂದ 3, ಉರಿಯೂತಕ್ಕೆ 0ರಿಂದ 3, ಬಲೂನಿಂಗ್‌ಗೆ 0ರಿಂದ 2, ಒಟ್ಟು 8. ಫೈಬ್ರೋಸಿಸ್ ಇದರಲ್ಲಿ ಸೇರಿಲ್ಲ, ಅದಕ್ಕೆ 0ರಿಂದ 4ರವರೆಗೆ ಬೇರೆ ಅಂಕ. ಇದು ಮನುಷ್ಯರಿಗೆ ಮಾಡಿದ ಪದ್ಧತಿ, ಇಲಿಯಲ್ಲಿ ಬಲೂನಿಂಗ್ ಗುರುತಿಸುವುದು ಕಷ್ಟ. ಅಂಕ ಹಾಕುವವರಿಗೆ ಯಾವ ಗುಂಪು ಎಂದು ಗೊತ್ತಿರಬಾರದು. ನಾರಿಗೆ ಪಿಕ್ರೋಸಿರಿಯಸ್ ರೆಡ್ ಬಣ್ಣ ಹಾಕಿ. ಅದರ ಜೊತೆಗೆ ಹೈಡ್ರಾಕ್ಸಿಪ್ರೋಲಿನ್ ಅಳೆದರೆ ಒಳ್ಳೆಯದು, ಕೊಲಾಜೆನ್‌ನಲ್ಲಿ ಹೆಚ್ಚಾಗಿರುವ ಅಮೈನೋ ಆಮ್ಲ ಅದು.

ಪ್ರಬಂಧದ ಶೀರ್ಷಿಕೆಯಲ್ಲಿ ಹೆಪ್‌ಜಿ2ನಲ್ಲಿ ಹನಿ ಕಡಿಮೆಯಾಗಿದ್ದನ್ನು 'ಫ್ಯಾಟಿ ಲಿವರ್ ಗುಣವಾಯಿತು' ಎಂದು ಬರೆಯಬೇಡಿ. 'ಹೆಪ್‌ಜಿ2 ಕೋಶಗಳಲ್ಲಿ ಟ್ರೈಗ್ಲಿಸರೈಡ್ ಸಂಗ್ರಹ ಕಡಿಮೆಯಾಯಿತು' ಎಂದೇ ಬರೆಯಿರಿ. ವಿಧಾನದ ಭಾಗದಲ್ಲಿ ಇಷ್ಟು ಇರಲಿ: ಸೆಲ್‌ನ ಪ್ಯಾಸೇಜ್ ಸಂಖ್ಯೆ, ಕೊಬ್ಬಿನಾಮ್ಲ ಮತ್ತು ಆಲ್ಬುಮಿನ್ ಅನುಪಾತ, ಸೀರಂ ಎಷ್ಟು, ಇಲಿಯ ಪೂರ್ತಿ ತಳಿ ಹೆಸರು, ಲಿಂಗ, ವಯಸ್ಸು, ಆಹಾರದ ಕೋಡ್ ಮತ್ತು ಬ್ಯಾಚ್, ಕೋಣೆಯ ಬಿಸಿ, ಎಷ್ಟು ಗಂಟೆ ಉಪವಾಸ, ಯಾವ ಹಾಲೆ. ಸತ್ತ ಅಥವಾ ಲೆಕ್ಕದಿಂದ ಬಿಟ್ಟ ಪ್ರಾಣಿಗಳೆಷ್ಟು, ಯಾಕೆ ಎಂಬುದನ್ನೂ ಸೇರಿಸಿ. ನಿಮ್ಮ ನಂತರ ಅದೇ ಬೆಂಚಿಗೆ ಬರುವ ಹುಡುಗಿ ಇದನ್ನೆಲ್ಲ ನಿಮ್ಮ ನೋಟ್‌ಬುಕ್‌ನಲ್ಲೇ ಹುಡುಕುತ್ತಾಳೆ, ಹಾಗಾಗಿ ಅದರಲ್ಲೂ ಅದೇ ದಿನ, ಪೆನ್ನಿನಲ್ಲಿ ಬರೆದಿಡಿ.